ಹಳದಿ ಮೀನಿನ ಕೆನ್ನೆಯ ಕುಳಿ

ಶಿವಮೊಗ್ಗ, 14 ಜುಲೈ 2024, ಭಾನುವಾರ

ಬೆಳಗ್ಗೆಯಿಂದ ಪುನರ್ವಸು ಮಳೆ ಬಿಟ್ಟಿಲ್ಲ. ಎರಡು ಸಲ ಕರೆಂಟ್ ಹೋಗಿ ಬಂತು. ನಮ್ಮನೆ ಇನ್ವರ್ಟರ್‌ನಲ್ಲಿ ಮೊದಲ ಪಾಲು ಮೀನಿನ ಪಂಪಿಗೆ, ಆಮೇಲೆ ಫ್ಯಾನಿಗೆ. ಇದಕ್ಕೆ ಮನೆಯಲ್ಲಿ ಬೈಗುಳ ಇದ್ದದ್ದೇ.

ಭಾನುವಾರ ಅಂದರೆ ನನ್ನ ಉಪ್ಪುನೀರಿನ ತೊಟ್ಟಿಯ ಹಳದಿ ಟ್ಯಾಂಗ್ ಅನ್ನೋ ಕಡಲಮೀನಿನ ಫೋಟೋ ತೆಗೆಯೋ ದಿನ. ಅದೋ ಒಂದು ಕಡೆ ನಿಲ್ಲೋದೇ ಇಲ್ಲ. ಇವತ್ತು 17 ಫೋಟೋ ತೆಗೆದರೆ ಒಂದು ಸರಿ ಬಂತು. ಏಪ್ರಿಲ್ ಕೊನೆಯಲ್ಲಿ ತೆಗೆದದ್ದನ್ನು ಪಕ್ಕಕ್ಕಿಟ್ಟು ನೋಡಿದೆ. ಆಗ ಕಣ್ಣಿನ ಸುತ್ತ ಸೂಜಿಯಲ್ಲಿ ಚುಚ್ಚಿದ ಹಾಗೆ ತೂತುಗಳಿದ್ದವು. ಕೆನ್ನೆಯಲ್ಲಿ ಅವೇ ಒಂದಕ್ಕೊಂದು ಕೂಡಿಕೊಂಡು ಥೇಟ್ ನೀರುದೋಸೆ. ಅಲ್ಲಿ ಹಳದಿ ಹೋಗಿ ಮಾಸಲು ಬಿಳಿ ಕಾಣುತ್ತಿತ್ತು. ಕಿವಿರಿನ ಹಿಂದಿನಿಂದ ಬಾಲದವರೆಗೆ ಹೋಗುವ ಪಾರ್ಶ್ವರೇಖೆಯ ಮೇಲೂ ಚರ್ಮ ಸವೆಯಲು ಶುರುವಾಗಿತ್ತು. ನೀರಿನ ಅಲುಗಾಟ ಮೀನಿಗೆ ಗೊತ್ತಾಗುವುದು ಈ ಗೆರೆಯಿಂದಲೇ.

ಊರಿನ ಒಂದು ಅಂಗಡಿಯಲ್ಲಿ ಫೋಟೋ ತೋರಿಸಿದ್ದಕ್ಕೆ ಮೆಟ್ರೊನಿಡಜೋಲ್ ಕೊಟ್ಟರು. ಎರಡು ವಾರ ಮೇವಿಗೆ ಕಲಸಿ ಹಾಕಿದೆ. ಏನೂ ಆಗಲಿಲ್ಲ. ಆಮೇಲೆ ಓದಿ ತಿಳಿಯಿತು, ಅದು ಸಿಹಿನೀರಿನ ಆಸ್ಕರ್, ಡಿಸ್ಕಸ್ ಮೀನುಗಳ ತಲೆಯಲ್ಲಿ ತೂತು ಬೀಳುವ ರೋಗಕ್ಕೆ ಕೊಡುವ ಔಷಧಿ. ಅಲ್ಲಿ ಸೂಕ್ಷ್ಮಜೀವಿಯ ಕಾಟ ಇರುತ್ತೆ. ನನ್ನ ಮೀನಿಗೆ ಬಂದದ್ದು ಅಂಟುರೋಗವೇ ಅಲ್ಲ. ನೋಡೋಕೆ ಒಂದೇ ಥರ, ಅಷ್ಟೇ.

ಅಮ್ಮ, "ಒಂಚೂರು ಅರಿಶಿನ ಹಚ್ಚಬಾರ್ದನಾ ಮಾರಾಯ?" ಅಂದಳು. ಹಚ್ಚೋಕೆ ಹಿಡೀಬೇಕಲ್ಲ! ಇದರ ಬಾಲದ ಬುಡದಲ್ಲಿ ಬ್ಲೇಡಿನಂಥ ಮುಳ್ಳಿದೆ. ಈ ಜಾತಿಗೆ ಸರ್ಜನ್ ಮೀನು ಅನ್ನುವುದು ಸುಮ್ನೆ ಅಲ್ಲ.

ಕಾರಣ ಇಂಥದ್ದೇ ಒಂದು ಅಂತ ಹೇಳೋ ಹಾಗಿಲ್ಲ. ಮೇವಿನಲ್ಲಿ ವಿಟಮಿನ್ ಎ, ಸಿ ಕಮ್ಮಿಯಾದರೆ, ನೀರು ಕೆಟ್ಟರೆ, ಮೀನು ಬೆದರಿಕೊಂಡೇ ಇದ್ದರೆ ಬರುತ್ತೆ ಅಂತಾರೆ. ಹೀಟರ್‌ನಿಂದ ಕರೆಂಟ್ ಸೋರಿದರೂ ಅಂತಾರೆ. ಎಲೆಕ್ಟ್ರಿಷಿಯನ್ ಕರೆಸಿದೆ, ಅರ್ಥಿಂಗ್ ಸರಿಯಾಗೇ ಇತ್ತು. ಕೊನೆಗೆ ನನ್ನ ಕಣ್ಣು ಬಿದ್ದದ್ದು ಫಿಲ್ಟರ್‌ನ ಕಾರ್ಬನ್ ಚೀಲದ ಮೇಲೆ, ಅಂದರೆ ನೀರು ತಿಳಿಯಾಗಲಿ ಅಂತ ಹಾಕುವ ಇದ್ದಿಲ ಹರಳು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರ್ಜನ್ ಮೀನುಗಳನ್ನು ಲಿಗ್ನೈಟ್ ಅನ್ನೋ ಕಲ್ಲಿದ್ದಲಿನಿಂದ ಮಾಡಿದ ಕಾರ್ಬನ್ ಹಾಯ್ದು ಬಂದ ನೀರಿನಲ್ಲಿ ಇಟ್ಟಿದ್ದರು. ಅವುಗಳ ಚರ್ಮ ಹೀಗೇ ಸವೆಯಿತು. ಕಾರ್ಬನ್ ಇಲ್ಲದ ತೊಟ್ಟಿಯವು ಚೆನ್ನಾಗೇ ಇದ್ದವು.

ನಾನು ಮಾಡಿದ್ದೂ ಅದನ್ನೇ. ನೀರು ಗಾಜಿನ ಹಾಗೆ ಹೊಳೀಬೇಕು ಅಂತ ಆಸೆ. ಎರಡು ಹಿಡಿ ಅಗ್ಗದ ಕಾರ್ಬನ್ನನ್ನು ತೊಳೆಯೋ ಶಾಸ್ತ್ರ ಮಾಡಿ ಫಿಲ್ಟರ್‌ಗೆ ತುರುಕಿದ್ದೆ. ಮೇ ನಡುವಿನಲ್ಲಿ ಆ ಚೀಲ ಹೊರತೆಗೆದು ಬಕೆಟ್ಟಿನಲ್ಲಿ ಜಾಲಿಸಿದೆ. ಮೊದಲ ನೀರು ಒಲೆಮಸಿ ತೊಳೆದ ಹಾಗೆ ಬಂತು. ಐದನೇ ನೀರೂ ಕಪ್ಪೇ. ಆ ಪುಡಿಯಲ್ಲಿ ಮೀನು ತಿಂಗಳುಗಟ್ಟಲೆ ಈಜಿತ್ತು.

ಅವತ್ತಿನಿಂದ ಕಾರ್ಬನ್ ಬಂದ್. ವಾರಕ್ಕೆ 50 ಲೀಟರ್ ನೀರು ಬದಲು. ಆರ್‌ಒ ನೀರಿಗೆ ಸುಮಾರು ಒಂದೂಮುಕ್ಕಾಲು ಕೆಜಿ ಅಕ್ವೇರಿಯಂ ಕಡಲುಪ್ಪಿನ ಪುಡಿ ಕರಗಿಸಿ, ಸಾಂದ್ರತೆ ಕಡಲ ನೀರಿನ ಹಾಗೆ 1.025 ಬರುವವರೆಗೆ ಕಾಯಬೇಕು. ಪಕ್ಕದ ಮನೆಯವರು, "ಹೊನ್ನಾವರದಿಂದ ನಾಲ್ಕು ಕ್ಯಾನ್ ತಂದ್ರೆ ಆಗಲ್ವಾ?" ಅಂತ ಕೇಳಿದರು. ಈ ಮಳೆಯಲ್ಲಿ ನಮ್ಮ ಶರಾವತಿಯೇ ಹೋಗಿ ಅಲ್ಲಿನ ನೀರನ್ನು ಸಪ್ಪೆ ಮಾಡಿರ್ತಾಳೆ ಅಂದೆ. ನಕ್ಕರು.

ಮೇವಿನಲ್ಲೂ ಬದಲಾವಣೆ. ಉಪ್ಪು, ಎಣ್ಣೆ, ಮಸಾಲೆ ಇಲ್ಲದ ನೋರಿ, ಅಂದರೆ ಒಣಗಿಸಿದ ಕಡಲಪಾಚಿ ಹಾಳೆ. ಆನ್‌ಲೈನ್‌ನಲ್ಲಿ ತರಿಸ್ತೀನಿ, ದುಬಾರಿ. ವಿಟಮಿನ್ ಹನಿ ಹಾಕಿ ನೆನೆಸಿ, ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ ಗಾಜಿಗೆ ತೂಗುಹಾಕಿದರೆ ಹತ್ತೇ ನಿಮಿಷ, ಕ್ಲಿಪ್ ಮಾತ್ರ ಉಳಿದಿರುತ್ತೆ. ಮೊದಲು ದಿನವಿಡೀ ಬರೀ ಉಂಡೆ ಮೇವು ಹಾಕ್ತಿದ್ದೆ. ಹುಲ್ಲು ಮೇಯುವ ದನಕ್ಕೆ ಬರೀ ಹಿಂಡಿ ಹಾಕಿದ ಹಾಗೆ, ಅಲ್ವಾ? ಜೊತೆಗೆ 250 ಲೀಟರ್ ತೊಟ್ಟಿ ಇದಕ್ಕೆ ಇಕ್ಕಟ್ಟು. ಅದೂ ನನ್ನದೇ ತಪ್ಪು. ದೊಡ್ಡದಕ್ಕೆ ಇನ್ನೂ ದುಡ್ಡು ಕೂಡಿಲ್ಲ.

ಇವತ್ತಿನ ಫೋಟೋದಲ್ಲಿ ಪಾರ್ಶ್ವರೇಖೆ ಮುಚ್ಚಿಕೊಂಡಿದೆ. ಕೆನ್ನೆಯ ಅಂಚಿನಿಂದ ಹಳದಿ ಒಳಕ್ಕೆ ಹಬ್ಬುತ್ತಿದೆ. ಎಡಗಣ್ಣಿನ ಕೆಳಗಿನ ಮೂರು ಕುಳಿ ಹಾಗೇ ಇವೆ. ಆಳವಾಗಿದ್ದವು, ಕಲೆ ಉಳಿದರೂ ಉಳೀಬಹುದು. ಕಾರ್ಬನ್ ಇಲ್ಲದೆ ನೀರು ಮಾತ್ರ ಈಗ ತಿಳಿ ಟೀ ಬಣ್ಣಕ್ಕೆ ತಿರುಗಿದೆ. ಬಂದವರೆಲ್ಲ "ನೀರು ಬದಲಾಯಿಸಲ್ವಾ?" ಅಂತ ಕೇಳ್ತಾರೆ.

ಕರೆಂಟ್ ಮತ್ತೆ ಹೋಯಿತು. ಪಂಪು ಓಡ್ತಿದೆ.