ಬೊಟೊ ಮತ್ತು ತೊರಕೆ: ಮೂರನೇ ವಾರ

ಅಮೆಜಾನ್ ನದಿಯ ಗುಲಾಬಿ ಡಾಲ್ಫಿನ್ ಬೊಟೊ, ಅದೇ ನದಿಯ ಚಪ್ಪಟೆ ಮೈಯ ಚುಕ್ಕೆ ತೊರಕೆ ಮೀನು (ಸ್ಟಿಂಗ್‌ರೇ). ಎರಡನ್ನೂ ಜೇಡಿಮಣ್ಣಲ್ಲಿ ಅಕ್ಕಪಕ್ಕ ಮಾಡುವ ಕೆಲಸ ಅರ್ಧ ದಾರಿಗೆ ಬಂದಿದೆ. ಅಳತೆ ಹತ್ತಕ್ಕೆ ಒಂದು. ಎರಡೂವರೆ ಮೀಟರ್‌ನ ದೊಡ್ಡ ಗಂಡು ಬೊಟೊ 25 ಸೆಂ.ಮೀ. ಆಯಿತು. ಅರ್ಧ ಮೀಟರ್ ಅಗಲದ ತೊರಕೆ 5 ಸೆಂ.ಮೀ., ಅಂಗೈಯಲ್ಲಿ ಕೂರುತ್ತದೆ.

ಈ ವಾರ ಜಾಸ್ತಿ ಹೊತ್ತು ಹಿಡಿದದ್ದು ಬೊಟೊದ ಕತ್ತು. ಕಡಲ ಡಾಲ್ಫಿನ್ ನೆನಪಲ್ಲಿ ತಲೆಯನ್ನು ಮೈಗೆ ನೇರವಾಗಿ ಕೂರಿಸಿಬಿಟ್ಟಿದ್ದೆ. ಅಸ್ಥಿಪಂಜರದ ಚಿತ್ರ ನೋಡಿದ ಮೇಲೆ ತಪ್ಪು ಗೊತ್ತಾಯಿತು. ಬೊಟೊದ ಕತ್ತಿನ ಏಳೂ ಮೂಳೆ ಬಿಡಿಬಿಡಿ, ಒಂದಕ್ಕೊಂದು ಬೆಸೆದಿಲ್ಲ. ನದಿ ಉಕ್ಕಿ ಕಾಡಿಗೆ ನುಗ್ಗಿದಾಗ ಮರಗಳ ಸಂದಿಯಲ್ಲೇ ಮೀನು ಹಿಡಿಯಬೇಕಲ್ವಾ, ತಲೆ ಪಕ್ಕಕ್ಕೆ ತಿರುಗಲೇಬೇಕು. ಕತ್ತು ಕೊಯ್ದು, ತಂತಿ ತೂರಿಸಿ, ಎಡಕ್ಕೆ ಬಾಗಿಸಿ ಮತ್ತೆ ಮಣ್ಣು ಮೆತ್ತಿದೆ. ಈಗ ಅದು ಏನನ್ನೋ ಹುಡುಕುತ್ತಿರುವ ಹಾಗೆ ಕಾಣುತ್ತದೆ. ತುಂಬಾ ಖುಷಿಯಾಯಿತು. ಉದ್ದ ಮೂತಿಯ ಬಿರುಗೂದಲಿಗೆ ಹಳೆಯ ಬ್ರಷ್‌ನ ಕೂದಲು ಚುಚ್ಚಿದ್ದೇನೆ. ಬೆನ್ನ ಮೇಲೆ ಎತ್ತರದ ರೆಕ್ಕೆ ಇಲ್ಲ, ಉದ್ದಕ್ಕೆ ಒಂದು ತಗ್ಗು ದಿಬ್ಬ ಅಷ್ಟೇ.

ತೊರಕೆಗೆ ಮೂಳೆಯೇ ಇಲ್ಲ, ಎಲ್ಲ ಮೆದು ಕಾರ್ಟಿಲೇಜ್. ಹಾಗಾಗಿ ಒಳಗೆ ತಂತಿ ಹಾಕಲಿಲ್ಲ, ಸುಮ್ನೆ ತಟ್ಟುತ್ತಾ ಹೋದೆ. ಬಾಯಿ, ಕಿವಿರು ಎರಡೂ ಹೊಟ್ಟೆಯ ಕಡೆ. ಮರಳಲ್ಲಿ ಹೂತು ಕೂತಾಗ ಕಣ್ಣಿನ ಹಿಂದಿನ ತೂತುಗಳಿಂದ ನೀರು ಎಳೆದುಕೊಳ್ಳುತ್ತದೆ. ಆ ತೂತನ್ನು ಸೂಜಿ ಮೊನೆಯಿಂದ ಕೊರೆದೆ. ಕಿತ್ತಳೆ ಚುಕ್ಕೆ, ಸುತ್ತ ಕಪ್ಪು ಬಳೆ ಬರೆಯುವುದು ಮಣ್ಣು ಒಣಗಿದ ಮೇಲೆ.

ಎರಡರ ಹಿರಿಯರೂ ಕಡಲಿಂದ ಬಂದವರು. ಆದರೆ ಬೊಟೊ ಈಗಲೂ ಉಸಿರಿಗೆ ಮೇಲೆ ಬರಬೇಕು. ಈ ತೊರಕೆಯಂತೂ ಪೂರ್ತಿ ನದಿಯದೇ ಆಗಿದೆ. ಕಡಲ ತೊರಕೆಗಳು ಉಪ್ಪುನೀರಿಗೆ ಹೊಂದಿಕೊಳ್ಳಲು ರಕ್ತದಲ್ಲಿ ಯೂರಿಯಾ ಹಿಡಿದಿಡುತ್ತವೆ. ಇದಕ್ಕೆ ಆ ಶಕ್ತಿ ಹೋಗಿದೆ, ಕಡಲಿಗೆ ಮರಳಲಾಗದು. ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ: ಬೊಟೊ ಮರಿಗೆ ಮೊಲೆ ಉಣಿಸುತ್ತದೆ, ತಾಯಿ ತೊರಕೆಯೂ ಗರ್ಭದೊಳಗೇ ಮರಿಗಳಿಗೆ ಹಾಲಿನಂಥ ದ್ರವ ಕೊಡುತ್ತದೆ. ಹಾಗಾಗಿ ಇಬ್ಬರನ್ನೂ ತಾಯಂದಿರಾಗಿಯೇ ಮಾಡಬೇಕು ಅನಿಸಿದೆ. ಬೊಟೊದಲ್ಲಿ ಹೆಣ್ಣು ಚಿಕ್ಕದು, ಅಂದರೆ ಮೈಯನ್ನು ಸ್ವಲ್ಪ ಕೆತ್ತಬೇಕು.

ತೊರಕೆ ಬಾಲದ ವಿಷದ ಮುಳ್ಳು ಬಾಕಿ ಇದೆ. ಬೆಂಕಿಕಡ್ಡಿ ಸೀಳಿ ನೋಡಿದೆ, ದಪ್ಪವಾಯಿತು. ನಾಳೆ ಸಣ್ಣ ಮೀನಿನ ಮುಳ್ಳನ್ನೇ ಅಂಟಿಸಿ ನೋಡುತ್ತೇನೆ.