ಬೆಲ್ಟ್ ನಿಂತ ಮೇಲೆ

ಫೋನ್ ಎತ್ತಿದ ಕೂಡಲೇ ಅಮ್ಮ ಕೇಳುವುದು ಒಂದೇ. "ಈಗೆಲ್ಲಿದ್ದೀಯಪ್ಪಾ, ನೆಲದ ಮೇಲಾ, ಆಕಾಶದಲ್ಲಾ?"

ಹೊರದೇಶಕ್ಕೆ ಬಂದು ಒಂಬತ್ತು ವರ್ಷವಾಯ್ತು. ನನ್ನದು ಫ್ಯಾಕ್ಟರಿ ಮೆಷಿನ್ ರಿಪೇರಿ ಮಾಡುವ ಕೆಲಸ. ಎಲ್ಲಿ ಮೆಷಿನ್ ಕೆಟ್ಟು ನಿಂತರೂ ಅಲ್ಲಿಗೆ ಹಾರಬೇಕು. ತಿಂಗಳಿಗೆ ನಾಲ್ಕೈದು ವಿಮಾನ ಹತ್ತುವುದು ಮಾಮೂಲು. ಊರಿನ ಗೆಳೆಯರು "ಪುಣ್ಯವಂತ ಕಣೋ ನೀನು" ಅನ್ನುತ್ತಾರೆ. ಈ ಪುಣ್ಯವಂತ ಬೆಳಗಿನ ಜಾವ ಮೂರೂವರೆಗೆ ಎದ್ದು, ಮೊಬೈಲ್ ಬೆಳಕಿನಲ್ಲಿ ಸಾಕ್ಸ್ ತೂತಾಗಿದೆಯಾ ಅಂತ ಹುಡುಕುತ್ತಿರುತ್ತಾನೆ. ಸೆಕ್ಯುರಿಟಿಯವರು ಶೂ ಬಿಚ್ಚು ಅಂದರೆ ಮಾನ ಹೋಗಬಾರದಲ್ಲ!

ಸೆಕ್ಯುರಿಟಿಯಲ್ಲಿ ಒಂದೊಂದು ಕಡೆ ಒಂದೊಂದು ನ್ಯಾಯ. ಹೊಸ ಸ್ಕ್ಯಾನರ್ ಇರುವ ಕಡೆ "ಲ್ಯಾಪ್‌ಟಾಪ್ ಒಳಗೇ ಇರಲಿ, ಯಾಕೆ ತೆಗೆದಿರಿ" ಅಂತ ಗದರುತ್ತಾರೆ. ಸಂಜೆ ವಾಪಸ್ ಬರುವಾಗ ಇನ್ನೊಂದು ಕಡೆ "ಯಾಕೆ ತೆಗೆದಿಲ್ಲ" ಅಂತ ಗದರುತ್ತಾರೆ. 2006ರ ಆಗಸ್ಟ್‌ನಲ್ಲಿ ಬ್ರಿಟನ್‌ನಿಂದ ಹೊರಡುವ ವಿಮಾನಗಳನ್ನು ದ್ರವದ ಬಾಂಬ್‌ನಿಂದ ಉಡಾಯಿಸುವ ಸಂಚು ಸಿಕ್ಕಿಬಿತ್ತು. ಆಮೇಲೆ ಬಂದದ್ದು 100 ಎಂಎಲ್ ನಿಯಮ: ಕೈಬ್ಯಾಗಿನಲ್ಲಿ ಅದಕ್ಕಿಂತ ದೊಡ್ಡ ಬಾಟಲಿಯಲ್ಲಿ ದ್ರವ, ಪೇಸ್ಟ್ ಒಯ್ಯುವಂತಿಲ್ಲ. ಕಾರಣ ಸರಿಯೇ, ಒಪ್ಪುತ್ತೇನೆ. ಆದರೆ ಈ ನಿಯಮ ಇನ್ನೂ ಇರುವ ಕಡೆ ಲೆಕ್ಕಕ್ಕೆ ಬರುವುದು ಬಾಟಲಿಯ ಅಳತೆ, ಒಳಗಿರುವುದಲ್ಲ. 150 ಎಂಎಲ್ ಟ್ಯೂಬಿನ ತಳದಲ್ಲಿ ಎರಡು ಸಲಕ್ಕಾಗುವಷ್ಟು ಪೇಸ್ಟ್ ಉಳಿದಿದ್ದರೂ ಬುಟ್ಟಿಗೆ ಹಾಕಬೇಕು. ಎಷ್ಟು ಹಿಂಡಿ ತೋರಿಸಿದರೂ ಬಿಡುವುದಿಲ್ಲ. ನಾನು ಹಿಂಡಿ ತೋರಿಸಿದ್ದೇನೆ.

ಇದೆಲ್ಲ ಅಭ್ಯಾಸವಾಗಿಬಿಡುತ್ತದೆ. ಅಭ್ಯಾಸವಾಗದೇ ಇರುವುದು ಗೇಟಿನ ಮುಂದಿನ ಕಾಯುವಿಕೆ. ಬೋರ್ಡಿನಲ್ಲಿ ಮೊದಲು ಇಪ್ಪತ್ತು ನಿಮಿಷ ತಡ ಅಂತ ಬರುತ್ತದೆ. ಆಮೇಲೆ ಇನ್ನಿಪ್ಪತ್ತು. ಆಮೇಲೆ ಇನ್ನಿಪ್ಪತ್ತು. ಒಂದೇ ಸಲ ಎರಡು ಗಂಟೆ ಅಂದುಬಿಟ್ಟಿದ್ದರೆ ಒಂದು ಮೂಲೆ ಹಿಡಿದು ಮಲಗಬಹುದಿತ್ತು, ಅಲ್ವಾ? ಒಂದೇ ವಿಮಾನ ದಿನಕ್ಕೆ ನಾಲ್ಕೈದು ಟ್ರಿಪ್ ಹೊಡೆಯುತ್ತದೆ. ಬೆಳಗಿನ ಟ್ರಿಪ್ಪಿನಲ್ಲಿ ಆದ ತಡ ಸಂಜೆಯವರೆಗೂ ಬಾಲದ ಹಾಗೆ ಹಿಂದೆ ಬರುತ್ತದೆ. ಅಷ್ಟರಲ್ಲಿ ಪೈಲಟ್‌ಗಳ ಡ್ಯೂಟಿ ಗಂಟೆ ಮುಗಿದರೆ ಬೇರೆಯವರನ್ನು ಕರೆಸಬೇಕು. ಹಾಗಾಗಿ ಈಗ ನಾನು ಬೋರ್ಡ್ ನೋಡುವುದನ್ನೇ ಬಿಟ್ಟಿದ್ದೇನೆ. ನಮ್ಮನ್ನು ಹೊತ್ತೊಯ್ಯಬೇಕಾದ ವಿಮಾನ ಈಗ ಎಲ್ಲಿದೆ ಅಂತ ಮೊಬೈಲ್‌ನಲ್ಲಿ ನೋಡುತ್ತೇನೆ. ಅದು ಇನ್ನೂ ಬೇರೆ ಊರಿನಲ್ಲೇ ನಿಂತಿದ್ದರೆ ಬೋರ್ಡ್ ಏನೇ ಹೇಳಲಿ, ಚಾರ್ಜರ್ ಪಾಯಿಂಟ್ ಇರುವ ಕುರ್ಚಿ ಹುಡುಕಿಕೊಂಡು ಹೋಗುತ್ತೇನೆ. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ 40 ಮೀಟರ್ ಎತ್ತರದ ಜಲಪಾತವನ್ನೇ ಕಟ್ಟಿಟ್ಟಿದ್ದಾರೆ, ಕಣ್ಣು ತುಂಬ ನೋಡಿದ್ದೇನೆ. ಆದರೆ ಬ್ಯಾಟರಿ ನಾಲ್ಕು ಪರ್ಸೆಂಟ್ ಇದ್ದಾಗ ಕೆಲಸ ಮಾಡುವ ಒಂದು ಪ್ಲಗ್ ಸಿಕ್ಕರೆ ಆಗುವ ಸಂತೋಷವೇ ಬೇರೆ.

ಒಳಗೆ ಹೋಗಿ ಕೂತರೆ ಮೂಗು, ತುಟಿ ಎಲ್ಲ ಒಣಗಿ ಕಟ್ಟಿಗೆ. ಕ್ಯಾಬಿನ್ ಗಾಳಿಯಲ್ಲಿ ತೇವ ಸಾಮಾನ್ಯವಾಗಿ 20 ಪರ್ಸೆಂಟ್ ಕೂಡ ಇರುವುದಿಲ್ಲ. ಗಾಳಿಯ ಒತ್ತಡವೂ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಕೂತಷ್ಟು. ಊಟ ಸಪ್ಪೆ ಅನಿಸುವುದಕ್ಕೆ ಅಡುಗೆಯವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಒಣಗಿದ ಮೂಗಿಗೆ ವಾಸನೆ ಹತ್ತುವುದಿಲ್ಲ, ಇಂಜಿನ್ ಸದ್ದಿಗೆ ಸಿಹಿಯೂ ಮಂಕಾಗುತ್ತದೆ. ಸೆಕ್ಯುರಿಟಿ ದಾಟಿದ ಮೇಲೆ ಖಾಲಿ ಬಾಟಲಿಗೆ ನೀರು ತುಂಬಿಸಿಕೊಳ್ಳುವುದನ್ನು ಮಾತ್ರ ನಾನು ಮರೆಯುವುದಿಲ್ಲ.

ಇನ್ನೊಂದು ಸುಖ ಇದೆ, ಯಾರಿಗಾದರೂ ಹೇಳಿದರೆ ನಗುತ್ತಾರೆ. ಕಿಟಕಿ ಸೀಟು ಸಿಕ್ಕರೆ ಗಾಜಿನ ಕೆಳತುದಿಯಲ್ಲಿ ಒಂದು ಸಣ್ಣ ತೂತು ಕಾಣುತ್ತದೆ. ಮೊದಲ ಸಲ ನೋಡಿದಾಗ ಎದೆ ಧಸಕ್ಕೆಂದಿತ್ತು. ಆಮೇಲೆ ಗೊತ್ತಾಯ್ತು, ಅದು ಬೇಕಂತಲೇ ಇಟ್ಟದ್ದು. ಕಿಟಕಿಯಲ್ಲಿ ಮೂರು ಪದರ. ನಮ್ಮ ಕೈಗೆ ಸಿಗುವುದು ಸುಮ್ನೆ ರಕ್ಷಣೆಗೆ. ಒತ್ತಡವನ್ನೆಲ್ಲ ಹೊರಗಿನ ಪದರ ತಡೆಯುತ್ತದೆ. ಆ ಭಾರ ನಡುವಿನ ಪದರದ ಮೇಲೆ ಬೀಳದಿರಲಿ ಅಂತ ಅದರಲ್ಲಿ ತೂತು, ಜೊತೆಗೆ ಗಾಜು ಮಂಜಾಗುವುದೂ ಕಡಿಮೆ. ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ. ಒಂದರ್ಧ ಗಂಟೆ ಹಾರಿದ ಮೇಲೆ ಆ ತೂತಿನ ಸುತ್ತ ಒಂದೊಂದೇ ಮಂಜಿನ ಎಳೆ ಹುಟ್ಟಿಕೊಳ್ಳುತ್ತದೆ. ಸೂಜಿಯಲ್ಲಿ ಬಿಡಿಸಿದ ರಂಗೋಲಿಯಂತೆ ಹರಡುತ್ತಾ ಹೋಗುತ್ತದೆ. ಪಕ್ಕದವರು ಸಿನಿಮಾ ನೋಡುತ್ತಿರುತ್ತಾರೆ. ನಾನು ಇದನ್ನು ನೋಡುತ್ತಿರುತ್ತೇನೆ.

ಕಳೆದ ಚಳಿಗಾಲದಲ್ಲಿ ನನ್ನ ಬ್ಯಾಗ್ ಬರಲಿಲ್ಲ. ರಾತ್ರಿ ಹನ್ನೊಂದೂವರೆ. ಬ್ಯಾಗ್ ಬರುವ ಬೆಲ್ಟ್ ಮುಂದೆ ನಿಂತವರು ಒಬ್ಬೊಬ್ಬರೇ ಖಾಲಿಯಾದರು. ಕೊನೆಗೆ ಉಳಿದಿದ್ದು ನಾನು ಮತ್ತು ವಾರಸುದಾರರಿಲ್ಲದ ಮಕ್ಕಳ ಕೆಂಪು ತಳ್ಳುಗಾಡಿ. ಅದು ನಾಲ್ಕು ಸುತ್ತು ಬಂತು. ಐದನೇ ಸುತ್ತಿನ ಹೊತ್ತಿಗೆ ನಮಗಿಬ್ಬರಿಗೂ ಪರಿಚಯವಾಗಿತ್ತು. ಆಮೇಲೆ ಬೆಲ್ಟ್ ನಿಂತಿತು. ಅದು ನಿಂತಾಗ ಹಾಲ್‌ನಲ್ಲಿ ಕವಿಯುವ ಮೌನ ಅನುಭವಿಸಿದವರಿಗೇ ಗೊತ್ತು.

ಕೌಂಟರ್‌ನಲ್ಲಿದ್ದ ಹೆಂಗಸು ಒಂದು ಹಾಳೆ ಮುಂದಿಟ್ಟಳು. ಮೇಲೆ ಬಣ್ಣಗಳು, ಕೆಳಗೆ ಬಗೆಬಗೆಯ ಪೆಟ್ಟಿಗೆಗಳ ಚಿತ್ರ, ಒಂದೊಂದಕ್ಕೂ ನಂಬರು. ಕಳೆದ ಬ್ಯಾಗ್ ಹುಡುಕಲು ಎಲ್ಲ ಕಡೆ ಇಂಥದೇ ಹಾಳೆ. ನಾನು ಕಪ್ಪು ಬಣ್ಣದ ಮೇಲೆ ಬೆರಳಿಟ್ಟೆ. "ಎಲ್ಲರದೂ ಕಪ್ಪೇ" ಅಂದಳು, ತಲೆಯೆತ್ತದೆ. ಬೋರ್ಡಿಂಗ್ ಪಾಸಿನ ಹಿಂದೆ ಅಂಟಿಸಿದ್ದ ಚೀಟಿ ಕೊಟ್ಟೆ. ಅದರ ಹತ್ತು ಅಂಕಿ ಕುಟ್ಟಿ, ಸ್ಕ್ರೀನ್ ನೋಡಿ, ಮೊದಲ ಸಲ ನನ್ನ ಮುಖ ನೋಡಿದಳು. "ಇವತ್ತು ಬರಲ್ಲ, ನಾಳೆಯೂ ಬರಲ್ಲ. ಹೋಗಿ ಮಲಗಿ, ಖರ್ಚಿನ ರಸೀದಿ ಇಟ್ಟುಕೊಳ್ಳಿ."

ವಿಚಿತ್ರ ಅಂದರೆ ನನಗೆ ಸಿಟ್ಟೇ ಬರಲಿಲ್ಲ. ಇಡೀ ದಿನದಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ನೆನಪಿರಲಿ, ದೂರು ಬರೆಸಿ ನಂಬರ್ ತೆಗೆದುಕೊಳ್ಳದೆ ಆ ಹಾಲ್‌ನಿಂದ ಹೊರಗೆ ಕಾಲಿಡಬೇಡಿ. ಅಂತರರಾಷ್ಟ್ರೀಯ ವಿಮಾನ ಪ್ರಯಾಣದ ಪರಿಹಾರಕ್ಕೆಂದು ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 21 ದಿನವಾದರೂ ಬ್ಯಾಗ್ ಬರದಿದ್ದರೆ ಕಳೆದುಹೋದ ಹಾಗೇ ಲೆಕ್ಕ. ಬಂದ ಬ್ಯಾಗ್ ಮುರಿದಿದ್ದರೆ ಏಳು ದಿನದೊಳಗೆ ಬರೆದು ದೂರು ಕೊಡಬೇಕು.

ನನ್ನ ಬ್ಯಾಗ್ ನಾಲ್ಕನೇ ದಿನ ವ್ಯಾನಿನಲ್ಲಿ ಬಂತು. ಒಂದು ಚಕ್ರ ಸ್ವಲ್ಪ ಸೊಟ್ಟ. ಹಿಡಿಕೆಗೆ ಹೊಸ ಚೀಟಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ "ರಶ್", ಅಂದರೆ ತುರ್ತು. ನಾಲ್ಕು ದಿನ ತಡವಾಗಿ ಬಂದದ್ದಕ್ಕೆ ಆ ಹೆಸರು. ಅದರ ಕೆಳಗೆ ಇನ್ನೊಂದು ಚೀಟಿ ಇತ್ತು, ಅದರಲ್ಲಿ ನಾನು ಕೇಳಿಲ್ಲದ ವಿಮಾನ ನಿಲ್ದಾಣದ ಮೂರಕ್ಷರದ ಕೋಡ್. ಹುಡುಕಿ ನೋಡಿದರೆ ಸಮುದ್ರದ ನಡುವಿನ ಒಂದು ದ್ವೀಪ. ಫೋಟೋದಲ್ಲಿ ನೀಲಿ ನೀರು, ಬಿಳಿ ಮರಳು. ನಾನು ಇಲ್ಲಿ ಒಂದೇ ಅಂಗಿಯನ್ನು ರಾತ್ರಿ ಒಗೆದು ಬೆಳಗ್ಗೆ ಹಾಕಿಕೊಳ್ಳುತ್ತಿದ್ದಾಗ ಅದು ಅಲ್ಲಿತ್ತು.

ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಅದಾದರೂ ಸುತ್ತಾಡಿ ಬಂತಲ್ಲ ಬಿಡು" ಅಂದಳು.