ಮದ್ದು ಜಾಸ್ತಿ ಹಾಕಿದೆ, ಗಾಳಿ ನೋಡಲಿಲ್ಲ

ಚಿನ್ನದ ಅದಿರು ಸಂಸ್ಕರಿಸುವ ಘಟಕದಲ್ಲಿ ನನಗೆ ಚಿನ್ನ ಕಾಣುವುದು ಕಡಿಮೆ. ಚಿನ್ನ ಕರಗಿಸಿ ತೆಗೆದ ಮೇಲೆ ಉಳಿಯುವ ಸಯನೈಡ್ ರಾಡಿ ನನ್ನ ಪಾಲು. ಅದು ಟೇಲಿಂಗ್ಸ್ ಕೊಳಕ್ಕೆ, ಅಂದರೆ ಉಳಿದ ರಾಡಿ ಸಂಗ್ರಹಿಸುವ ಕೊಳಕ್ಕೆ, ಹೋಗುವ ಮೊದಲು ಅದರ ವಿಷ ಇಳಿಸಬೇಕು. ಈ ಕೆಲಸ ನಡೆಯುವ ಟ್ಯಾಂಕನ್ನು ಡಿಟಾಕ್ಸ್ ಟ್ಯಾಂಕ್ ಎನ್ನುತ್ತೇವೆ.

ಅಲ್ಲಿ ನಡೆಯುವುದು ಇಷ್ಟು. ತಳದಿಂದ ಗಾಳಿ ಊದುತ್ತೇವೆ, ಸೋಡಿಯಂ ಮೆಟಾಬೈಸಲ್ಫೈಟ್ ಬಿಡುತ್ತೇವೆ, ಸ್ವಲ್ಪ ಮೈಲುತುತ್ತು ಸೇರಿಸುತ್ತೇವೆ. ಮೈಲುತುತ್ತಿನ ತಾಮ್ರ ಕ್ರಿಯೆಗೆ ವೇಗ ಕೊಡುತ್ತದೆ. ಗಾಳಿಯ ಆಮ್ಲಜನಕ ಸೇರಿ ಸಯನೈಡ್ ಸಯನೇಟ್ ಆಗುತ್ತದೆ, ಸಯನೇಟಿನ ವಿಷ ಎಷ್ಟೋ ಕಡಿಮೆ. ಜೊತೆಗೆ ಗಂಧಕಾಮ್ಲವೂ ಹುಟ್ಟುತ್ತದೆ. ಅದಕ್ಕೆ ಸುಣ್ಣದ ಹಾಲು ಹಾಕಿ ಪಿಎಚ್ 8ರಿಂದ 9ರ ನಡುವೆ ಹಿಡಿಯಬೇಕು. ಲೆಕ್ಕದ ಪ್ರಕಾರ 1 ಗ್ರಾಂ ಸಯನೈಡ್‌ಗೆ ಸುಮಾರು 2.5 ಗ್ರಾಂ ಸಲ್ಫರ್ ಡೈಆಕ್ಸೈಡ್ ಸಾಕು, ಮೆಟಾಬೈಸಲ್ಫೈಟ್ ಕೊಡುವುದು ಇದನ್ನೇ. ಟ್ಯಾಂಕಿನಲ್ಲಿ ಅದಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ.

ಒಂದು ರಾತ್ರಿ ಪಾಳಿಯಲ್ಲಿ ಹೊರಹರಿವಿನ ವ್ಯಾಡ್ ಸಯನೈಡ್ ಏರತೊಡಗಿತು. ವ್ಯಾಡ್ ಅಂದರೆ ಬಿಡಿ ಸಯನೈಡ್ ಮಾತ್ರವಲ್ಲ, ತಾಮ್ರ, ಸತು, ನಿಕ್ಕಲ್ ಜೊತೆ ಸಡಿಲವಾಗಿ ಅಂಟಿಕೊಂಡದ್ದೂ ಸೇರಿದ ಲೆಕ್ಕ. ಕೊಳದ ನೀರು ಕುಡಿದ ಹಕ್ಕಿಯ ಹೊಟ್ಟೆಯ ಆಮ್ಲದಲ್ಲಿ ಆ ಅಂಟೂ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಅಂತರರಾಷ್ಟ್ರೀಯ ಸಯನೈಡ್ ಸಂಹಿತೆ ತೆರೆದ ಕೊಳಕ್ಕೆ ಲೀಟರಿಗೆ 50 ಮಿಲಿಗ್ರಾಂ ವ್ಯಾಡ್ ಮಿತಿ ಇಟ್ಟಿದೆ. ಹೊಳೆ, ಕೆರೆಗೆ ಬಿಡುವ ನೀರಿಗಾದರೆ 0.5.

ನಾನು ಮೆಟಾಬೈಸಲ್ಫೈಟ್ ಡೋಸ್ ಏರಿಸಿದೆ. ವ್ಯಾಡ್ ಇಳಿಯಲಿಲ್ಲ. ಮತ್ತೆ ಏರಿಸಿದೆ. ಈಗ ಇಳಿದದ್ದು ಪಿಎಚ್. ಮೆಟಾಬೈಸಲ್ಫೈಟ್ ದ್ರಾವಣವೇ ಆಮ್ಲೀಯ, ಅಲ್ವಾ? ಸುಣ್ಣದ ಪಂಪ್ ಪೂರ್ತಿ ಓಡಿದರೂ ಸಾಲಲಿಲ್ಲ. ಪಿಎಚ್ 9.2ರ ಹತ್ತಿರ ಬಿಡಿ ಸಯನೈಡ್‌ನಲ್ಲಿ ಅರ್ಧದಷ್ಟು ಹೈಡ್ರೋಜನ್ ಸಯನೈಡ್ ರೂಪದಲ್ಲಿರುತ್ತದೆ. 7ಕ್ಕೆ ಬಂದರೆ ಬಹುತೇಕ ಎಲ್ಲವೂ ಅದೇ, ನೀರಿನಿಂದ ಅನಿಲವಾಗಿ ಮೇಲೇಳಲು ಸಿದ್ಧ. ಸ್ವಲ್ಪ ಹೊತ್ತಿಗೆ ನನ್ನ ಎದೆಗೆ ಸಿಕ್ಕಿಸಿದ್ದ ಡಿಟೆಕ್ಟರ್ ಕೂಗಿತು. ವಾಸನೆಯೇನೂ ಬಂದಿರಲಿಲ್ಲ. ಕಹಿ ಬಾದಾಮಿಯ ಆ ವಾಸನೆ ಎಲ್ಲರ ಮೂಗಿಗೂ ಸಿಗುವುದಿಲ್ಲ, ಅದನ್ನು ನಂಬಿ ಯಾರೂ ನಿಲ್ಲಬಾರದು.

ಎಲ್ಲರೂ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ದೂರ ಸರಿದೆವು. ಕಂಟ್ರೋಲ್ ರೂಮಿನಿಂದಲೇ ಡೋಸ್ ನಿಲ್ಲಿಸಿದೆವು, ರಾಡಿ ಬರುವುದನ್ನೂ ನಿಲ್ಲಿಸಿದೆವು. ಸುಣ್ಣ ಮಾತ್ರ ಹೋಗುತ್ತಿತ್ತು. ಪಿಎಚ್ ಮೇಲೇರಿದ ಮೇಲೆ ಕರಗಿದ ಆಮ್ಲಜನಕ ಅಳೆದರೆ ಹೆಚ್ಚುಕಡಿಮೆ ಸೊನ್ನೆ!

ಟ್ಯಾಂಕ್ ಬರಿದು ಮಾಡಿ ನೋಡಿದಾಗ ತಳದಲ್ಲಿ ಗಾಳಿ ಊದುವ ಸ್ಪಾರ್ಜರ್‌ನ ತೂತುಗಳಿಗೆ ಬಿಳಿ ಜಿಪ್ಸಂ ಗಟ್ಟಿಯಾಗಿ ಕಟ್ಟಿತ್ತು. ನಾವು ಹಾಕುವ ಸುಣ್ಣ, ಕ್ರಿಯೆಯಲ್ಲಿ ಹುಟ್ಟುವ ಸಲ್ಫೇಟ್, ಎರಡೂ ಸೇರಿ ಆಗುವ ಹೆಪ್ಪು ಅದು. ನಾನು ಮೆಟಾಬೈಸಲ್ಫೈಟ್ ಸುರಿದಷ್ಟೂ ಇದ್ದ ಚೂರುಪಾರು ಆಮ್ಲಜನಕವನ್ನು ಅದೇ ತಿನ್ನುತ್ತಿತ್ತು. ಗಾಳಿ ಪೈಪಿನ ಒತ್ತಡ ದಿನದಿಂದ ದಿನಕ್ಕೆ ಏರುತ್ತಿದ್ದುದು ಲಾಗ್ ಪುಸ್ತಕದಲ್ಲೇ ಇತ್ತು. ಬರೆದವರಲ್ಲಿ ನಾನೂ ಒಬ್ಬ. ಹಿಂದಿನ ದಿನದ ಅಂಕಿ ಜೊತೆ ಹೋಲಿಸಿ ನೋಡಿರಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡಿತು. ಆ ರಾತ್ರಿಯ ಸ್ಯಾಂಪಲ್‌ಗೆ ಲ್ಯಾಬ್ ಕೊಟ್ಟ ಅಂಕಿ ಚೆನ್ನಾಗಿಯೇ ಇತ್ತು. ಬಾಟಲಿಯಲ್ಲಿ ಉಳಿದಿದ್ದ ಮೆಟಾಬೈಸಲ್ಫೈಟ್, ತಾಮ್ರ, ಮೇಲಿನ ಖಾಲಿ ಜಾಗದ ಗಾಳಿ ಸೇರಿ ಟ್ಯಾಂಕಿನಲ್ಲಿ ಆಗದ ಕೆಲಸವನ್ನು ಬಾಟಲಿಯಲ್ಲಿ ಮುಗಿಸಿದ್ದವು. ಲ್ಯಾಬ್ ಅಂಕಿಯೊಂದನ್ನೇ ನಂಬಿದ್ದರೆ ಆ ನೀರು ಕೊಳಕ್ಕೆ ಹೋಗಿಬಿಡುತ್ತಿತ್ತು. ಈಗ ಸ್ಯಾಂಪಲ್ ತೆಗೆದ ಜಾಗದಲ್ಲೇ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ 12 ದಾಟಿಸುತ್ತೇವೆ, ಬೆಳಕು ಬೀಳದಂತೆ ತಂಪಾಗಿ ಇಡುತ್ತೇವೆ.

ಕೊಳಕ್ಕೆ ಕಟ್ಟೆ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. 2000ದ ಜನವರಿ 30ರಂದು ರೊಮೇನಿಯಾದ ಬಾಯಾ ಮಾರೆಯಲ್ಲೂ ಕಟ್ಟೆ ಇತ್ತು. ಅದು ಒಡೆದು ಸುಮಾರು 1 ಲಕ್ಷ ಘನ ಮೀಟರ್ ಸಯನೈಡ್ ನೀರು ನದಿ ಸೇರಿತು. ಟಿಸಾ ನದಿಯಲ್ಲಿ ಮೀನುಗಳು ರಾಶಿ ರಾಶಿ ಸತ್ತವು, ವಿಷ ಡ್ಯಾನ್ಯೂಬ್‌ವರೆಗೂ ಹೋಯಿತು. ವಿಷ ಇಳಿಸುವುದು ಕೊಳಕ್ಕೆ ಮೊದಲೇ ಆಗಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಈಗ ಟ್ಯಾಂಕಿಗೆ ಎರಡು ಸ್ಪಾರ್ಜರ್ ಇವೆ. ಒಂದನ್ನು ತೆಗೆದು ಜಿಪ್ಸಂ ಕೆರೆಯುವಾಗ ಇನ್ನೊಂದು ಓಡುತ್ತದೆ. ವ್ಯಾಡ್ ಏರಿದರೆ ನಾನು ಮೊದಲು ಆಮ್ಲಜನಕದ ಅಂಕಿ ನೋಡುತ್ತೇನೆ, ಆಮೇಲೆ ಗಾಳಿಯ ಒತ್ತಡ, ಆಮೇಲೆ ಪಿಎಚ್. ಡೋಸ್ ಪಂಪಿಗೆ ಕೈ ಹಾಕುವುದು ಅದೆಲ್ಲ ಆದ ಮೇಲೆ.